ಸ್ಟಾರ್ಟರ್ ಪೆಟ್ಟಿಗೆ

ಸಿದ್ದಾಪುರ ಬಸ್‌ಸ್ಟ್ಯಾಂಡಿನ ಹಿಂದೆ, ನನ್ನ ಲ್ಯಾಬಿನಲ್ಲಿ
ಅವನ ರಕ್ತವನ್ನು ಗಾಜಿನ ಮೇಲೆ ಎಳೆದವಳು ನಾನೇ.
ಮಾರ್ಚಿ. ಹೊರಗೆ ಕಾಫಿ ಹೂ ಬಿರಿದು
ತಲೆನೋವು ಬರುವಷ್ಟು ಘಮ.
ಮಸೂರದ ಕೆಳಗೂ ಒಂದು ಹೂಬಿಡುವ ಕಾಲ:
ಬಿಳಿ ಕಣಗಳು, ಬಣ್ಣ ಹಾಕಿದ್ದಕ್ಕೆ ನೇರಳೆ,
ಬಲಿತವು, ಅರೆಬಲಿತವು, ಹೊರಗೆ ಬರಲೇಬಾರದಿದ್ದ ಎಳಸುಗಳು.
ಎಣಿಸಿದೆ. ಮತ್ತೆ ಎಣಿಸಿದೆ.
ಎರಡು ಲಕ್ಷದ ಹತ್ತಿರ.
ಹಂಸ, ನಲವತ್ತೊಂದು, ನೆಲ್ಯಹುದಿಕೇರಿ.
ನಮ್ಮ ತೋಟದ ಪಂಪು ರಿಪೇರಿಗೆ ಬರುವವನು.

ಮೈಸೂರಿನಿಂದ ರಿಪೋರ್ಟು ಬಂದ ದಿನ
ಪುಸ್ತಕದಲ್ಲಿದ್ದಂತೆಯೇ ಹೇಳಿದೆ:
ಒಂಬತ್ತನೆಯ ವರ್ಣತಂತು, ಇಪ್ಪತ್ತೆರಡನೆಯದು
ತುದಿಗಳನ್ನು ಅದಲುಬದಲು ಮಾಡಿಕೊಂಡಿವೆ,
ಕೂಡಿದ ಜಾಗದಲ್ಲಿ ಒಂದು ಕೈನೇಸ್ ಹುಟ್ಟಿದೆ,
ಬೆಳೆ, ಬೆಳೆ ಎಂದು ಕಣಕ್ಕೆ ಹೇಳುವ ಪ್ರೋಟೀನು.
ಹೇಳುವುದು ತಪ್ಪಲ್ಲ. ನಿಲ್ಲಿಸಲು ಅದಕ್ಕೆ ಬರುವುದಿಲ್ಲ.

ತೊಡೆ ತಟ್ಟಿಕೊಂಡ.
'ಕಾಂಟ್ಯಾಕ್ಟ್ ಅಂಟಿಕೊಂಡಿದೆ ಅನ್ನಿ ಅಕ್ಕಾ.
ಸ್ಟಾಪ್ ಒತ್ತಿದರೂ ಮೋಟಾರು ಓಡುತ್ತದಲ್ಲ, ಹಾಗೆ.'

ಹಾಗೇ.
ಅದರ ಮೈಯಲ್ಲೊಂದು ಸಣ್ಣ ಗೂಡು,
ಶಕ್ತಿ ಹೊತ್ತ ಕಣ ಬಂದು ಕೂರುವಲ್ಲಿ
ಮಾತ್ರೆ ಮೊದಲೇ ಹೋಗಿ ಕೂತುಬಿಡುತ್ತದೆ.
'ಬೆಣೆ,' ಅಂದ.
ಇಪ್ಪತ್ತು ವರ್ಷ ಗಾಜು ನೋಡಿದ ನನಗೆ
ಆ ಪದ ಹೊಳೆದಿರಲಿಲ್ಲ.

ನನ್ನ ಅವ್ವನ ಕಾಲಕ್ಕೆ ಬೆಣೆ ಇರಲಿಲ್ಲ.
ಒಂದು ಮೋಟಾರು ನಿಲ್ಲಿಸಲು
ಊರಿನ ಟ್ರಾನ್ಸ್‌ಫಾರ್ಮರನ್ನೇ ಇಳಿಸುತ್ತಿದ್ದರು.
ಕತ್ತಲಲ್ಲಿ ಅವಳೂ ಹೋದಳು.

ಹಂಸನಿಗೆ ರೆಪ್ಪೆ ಊದಿದವು.
ಏಣಿ ಹತ್ತಿದರೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು.
ನೋಂಬಿನ ತಿಂಗಳು, ಮಾತ್ರೆ ರಾತ್ರಿಯ ಊಟಕ್ಕೆ.
ಮೂರು ತಿಂಗಳಿಗೊಮ್ಮೆ ಐಸ್ ಡಬ್ಬಿಯಲ್ಲಿ
ಅವನ ರಕ್ತ ಮೈಸೂರು ಬಸ್ಸು ಹತ್ತುತ್ತಿತ್ತು.
ಐವತ್ತೆಂಟು. ಒಂಬತ್ತು. ಒಂದರ ಕೆಳಗೆ.
ಆಮೇಲೆ, ಒಮ್ಮೆ, ನಾಲ್ಕು.
ಬ್ಲಾಸಮ್ ಮುಗಿದು ಬ್ಯಾಕಿಂಗ್‌ನ ನೀರು,
ಆರು ತೋಟ, ಹಗಲಿರುಳು ಪಂಪು,
ಹತ್ತೊಂಬತ್ತು ದಿನ ಮಾತ್ರೆ ನುಂಗಿಲ್ಲ.
ಬೈದೆ. ತಲೆ ತಗ್ಗಿಸಿ ಕೇಳಿದ:
'ಗೂಡೇ ಸವೆದು ಆಕಾರ ಬದಲಾದರೆ?'
ಬೇರೆ ಬೆಣೆಗಳಿವೆ, ಅಂದೆ.
ಎಷ್ಟಿವೆ ಅಂತ ಅವನು ಕೇಳಲಿಲ್ಲ.

ಮೊನ್ನೆ ಹೊಳೆಬದಿಯ ನಮ್ಮ ಪಂಪ್‌ಹೌಸಿಗೆ ಬಂದಿದ್ದ.
ಸ್ಟಾರ್ಟರ್ ಪೆಟ್ಟಿಗೆ ಬಿಚ್ಚಿ, ಕರಿಹಿಡಿದ ತಾಮ್ರ ಉಜ್ಜಿ,
ಹಸಿರು ಗುಂಡಿ ಒತ್ತಿದ, ಕೆಂಪು ಗುಂಡಿ ಒತ್ತಿದ.
ನಿಂತಿತು.
ಅಲ್ಲೇ ಕಿವಿಗೊಟ್ಟು ನಿಂತ, ಬಹಳ ಹೊತ್ತು.
ನಾನೂ ಉಸಿರು ಬಿಗಿಹಿಡಿದೆ.
ಪೈಪಿನ ನೀರು ಗುಳುಗುಳು ಕಾವೇರಿಗೆ ವಾಪಸಿಳಿಯಿತು.
'ಫುಟ್‌ವಾಲ್ವ್ ಲೀಕು, ಅಕ್ಕಾ,' ಅಂದ.