ಶುಕ್ರವಾರದ ಹಾಳೆ

ಸಾಣಿಕಟ್ಟಾದ ಉಪ್ಪಿನಾಗರದ ಆಫೀಸಿನಲ್ಲಿ
ಕ್ಯಾಲೆಂಡರಿನ ಹಾಳೆ ಹರಿಯುವವಳು ನಾನು.
ಒಂಬತ್ತಕ್ಕೆ. ಬೀಗ ತೆಗೆದು, ಚಪ್ಪಲಿ ಬಿಟ್ಟು,
ತಕ್ಕಡಿಯ ಮೇಲಿನ ಗೋಣಿ ಸರಿಸಿ, ಆಮೇಲೆ.
ಹನ್ನೊಂದು ವರ್ಷದಿಂದ.
ಸೋಮವಾರ ಮಾತ್ರ ಎರಡು:
ಮೊದಲು ಶನಿವಾರದ್ದು, ಮತ್ತೆ ಭಾನುವಾರದ್ದು.
ಒಟ್ಟಿಗೆ ಎಳೆದದ್ದಿಲ್ಲ.

ಗುರುವಾರ ಹುಬ್ಬಳ್ಳಿ ಲಾರಿಯ ಡ್ರೈವರಿಗೆ
ಯಾರದೋ ನಂಬರು ಬರೆದುಕೊಳ್ಳಬೇಕಿತ್ತು.
ಮೇಲಿನ ಹಾಳೆಯನ್ನು ಎತ್ತಿ ಹಿಡಿದು
(ಒಳ್ಳೆಯವನೇ, ಇವತ್ತಿಗೆ ಕೈ ಹಚ್ಚಲಿಲ್ಲ)
ಅಡಿಯಿಂದ ಶುಕ್ರವಾರವನ್ನು ಹರಿದುಕೊಂಡ.
ಪರ್ ಎಂದಿತು.
ಮಡಚಿ ಕಿಸೆಗೆ ಹಾಕಿದ.
ಐವತ್ತು ಚೀಲ ಉಪ್ಪಿನ ಜೊತೆ
ನನ್ನ ನಾಳೆ ಘಟ್ಟ ಹತ್ತಿತು.

ನಗಬಹುದು. ನಾನೂ ನಕ್ಕಿದ್ದೇನೆ,
ಭಾನುವಾರದ ಹೊತ್ತಿಗೆ.

ಗುರುವಾರ ಮಾತ್ರ
ಮೇಜಿನ ಫ್ಯಾನು, ಹೊರಗೆ ಉಪ್ಪು ಕೆರೆಯುವ ಹಲಗೆ,
ಫೋನಿನಲ್ಲಿ ರೋಹಿದಾಸನ ನಗು,
ಎಲ್ಲ ಒಂದೇ ಬಾಗಿಲಿನಿಂದ ಒಳಗೆ ನುಗ್ಗಿದವು.
ರವಿಕೆಯ ಹೊಲಿಗೆ ಬೆನ್ನಿಗೆ ಮುಳ್ಳಾಯಿತು.
ಯಾರೋ ಕೂಗಿದ್ದು ಕೇಳಿ ತಿರುಗಿದೆ.
ಕೂಗು ನನ್ನದೇ.
ಮೂವತ್ತೊಂಬತ್ತರ ಹೆಂಗಸು ಮೇಜಿನ ಕೆಳಗೆ,
ಹಣೆ ಮೊಣಕಾಲಿಗೆ ಒತ್ತಿ.

'ಎಂಥ ಆತು ಮೋಹಿನಕ್ಕಾ?'
'ಒಂದು ಚೀಟಿಗಾ ಇಷ್ಟು ಹುಯ್ಲು?'
'ಬೇರೆ ಕ್ಯಾಲೆಂಡರು ತಂದ್ರಾಯ್ತು.'
'ನಾಳೆ ಏನು ಬರೂದಿಲ್ವಾ?'

ಬರುತ್ತದೆ. ನನಗೆ ಗೊತ್ತಿಲ್ಲವೆ?
ಮಳೆಗಾಲದವರೆಗಿನ ಭರತದ ವೇಳೆ
ಬಾಯಿಪಾಠ ಹೇಳುವವಳು ನಾನು.
ಗೊತ್ತಿರುವುದು ತಲೆಯಲ್ಲಿ ಒಣಗಿ ಕೂತಿರುತ್ತದೆ.
ನೀರು ಬರುವುದು ಬೇರೆ ಕಡೆಯಿಂದ.

ಆಟಿಸಂ ಎಂಬ ಮಾತು ನನಗೆ ಸಿಕ್ಕಿ ಎರಡು ವರ್ಷ,
ಕಾರವಾರದಲ್ಲಿ, ಎರಡನೇ ಮಾಳಿಗೆಯ ಕೋಣೆಯಲ್ಲಿ.
ಡಾಕ್ಟರಮ್ಮ ಹೇಳಿದ್ದೆಲ್ಲ ನೆನಪಿಲ್ಲ.
ನಾನು ಕೂರುವ ಮೊದಲೇ ಕೇಳಿದರು:
'ಫ್ಯಾನು ಆರಿಸಲಾ?'
ಅದಕ್ಕೇ ನಂಬಿದೆ.
ಅಲ್ಲಿಯವರೆಗೆ ನನಗೆ ಬೇರೆ ಹೆಸರುಗಳಿದ್ದವು.
ಹಟಮಾರಿ. ಮೂಗಿನ ತುದಿಯ ಸಿಟ್ಟಿನವಳು.
ಒದ್ದೆ ಕೈ ತಾಗಿದರೆ ಕೆಡುವ ಉಪ್ಪಿನಕಾಯಿ ಭರಣಿ
(ಇದು ಅಮ್ಮ ಇಟ್ಟದ್ದು, ಮುದ್ದಿಗೆ).

ಒಡ್ಡು ಕಾಯುವ ಹೊಸಬು ಗೌಡ ಏನೂ ಕೇಳಲಿಲ್ಲ.
ಫ್ಯಾನು ಆರಿಸಿದ. ಎಲ್ಲರನ್ನೂ ಹೊರಗೆ ಕರೆದ.
ಬಾಗಿಲು ಅರ್ಧ ಮುಂದೆ ಮಾಡಿ
ಹೊಸ್ತಿಲಲ್ಲಿ ಕೂತ, ನನ್ನ ಕಡೆ ಬೆನ್ನು.
ಅವರಿಗೆ ಹೇಳುತ್ತಿದ್ದ:
'ಹೋದ್ವರ್ಷ ಹುಣ್ಣಿಮೆ ಭರತಕ್ಕೆ ಒಡ್ಡು ಹೋತಲ,
ತೂತು ಎಷ್ಟು ದೊಡ್ಡದಿತ್ತು?'
'ಏಡಿ ಬಿಲ.'
'ಉಪ್ಪು ಎಷ್ಟು ಕರಗ್ತು?'
ಯಾರೂ ಮಾತಾಡಲಿಲ್ಲ. ಹದಿನೈದು ದಿನದ ಉಪ್ಪು,
ಬೆಳಗಾಗುವುದರೊಳಗೆ.
'ಒಡ್ಡಿಗೆ ಬೈದ್ಯಾ ಆವತ್ತು?'

ಮಾತು ಚೆನ್ನಾಗಿತ್ತು.
ಆದರೆ ಆ ಹೊತ್ತಿಗೆ ನನಗೆ ಬೇಕಿದ್ದದ್ದು ಮಾತಲ್ಲ,
ಬಾಗಿಲ ತುಂಬ ಅಡ್ಡವಾಗಿದ್ದ ಆ ಬೆನ್ನು,
ಒಗೆದು ಒಗೆದು ಬಣ್ಣ ಹೋದ ಅಂಗಿ,
ಹೆಗಲ ಮೇಲಿನ ಕಸೂತಿಯಂಥ ಉಪ್ಪಿನ ಬಿಳಿ ಗೆರೆ.
ಅದನ್ನೇ ಎಣಿಸುತ್ತ ಕೂತೆ. ಹದಿನಾಲ್ಕು.

ಇಳಿತಕ್ಕೆ ಅದರದೇ ವೇಳೆ.
ನಾಲ್ಕಕ್ಕೆ ಎದ್ದೆ. ಕಾಲು ಗಜನಿಯ ಕೆಸರಲ್ಲಿ
ಹೂತ ಹಾಗೆ ಭಾರ.
ನಾಚಿಕೆ ಬಂದು ನಿಂತಿತ್ತು,
ಯಾವಾಗಲೂ ಕೊನೆಗೆ ಬರುವ ಗಿರಾಕಿ.
ಅದಕ್ಕೂ ತೂಗಿ ಕೊಟ್ಟೆ, ಕಳಿಸಿದೆ.

ಮರುದಿನ ಒಂಬತ್ತಕ್ಕೆ ಗುರುವಾರ ಹರಿದೆ.
ಕೆಳಗೆ ಶನಿವಾರ ಹಲ್ಲು ಬಿಟ್ಟು ನಿಂತಿತ್ತು.
ರಸೀದಿಯ ಹಿಂಬದಿಯಲ್ಲಿ ಬರೆದೆ:
ಶುಕ್ರವಾರ. ಭರತ ಹನ್ನೊಂದು ಇಪ್ಪತ್ತು.
ಅದರ ಮೇಲೆ ಗುಂಡುಸೂಜಿಯಿಂದ ಚುಚ್ಚಿದೆ.
ದಿನ ನಡೆಯಿತು.

ಈಗ ಕ್ಯಾಲೆಂಡರಿನ ಪಕ್ಕ ಒಂದು ಮೊಳೆಯಿದೆ.
ಅದಕ್ಕೆ ಸುತಳಿಯಲ್ಲಿ ಪೋಣಿಸಿದ ಹಳೇ ರಸೀದಿಗಳ ಕಂತೆ,
ನಂಬರು ಬರೆದುಕೊಳ್ಳುವವರಿಗೆ.
ಹೊಡೆದವರು ಯಾರೆಂದು ನಾನು ಕೇಳಲಿಲ್ಲ,
ರೋಹಿದಾಸ ಹೇಳಲಿಲ್ಲ.
ಮೊಳೆ ಒಂಚೂರು ಸೊಟ್ಟಗಿದೆ.
ದಿನಾ ನೋಡುತ್ತೇನೆ.
ತಡೆದುಕೊಂಡಿದ್ದೇನೆ.