ಮೂರು ಜೋಡು

ಗುರುವಾರ ಬಾಡ್ಮಿನ್ ಮೂರ್ ಕಡೆ ನನ್ನ ಸರದಿ.
ಸೇಂಟ್ ಬ್ರೂವರ್ಡಿನ ಡೆನ್ಜಿಲ್ ಟ್ರೆವಿನ್, ಎಂಬತ್ತೊಂದು ವರ್ಷ,
ಸಕ್ಕರೆ ಕಾಯಿಲೆ, ಎಡಗಾಲ ಹೆಬ್ಬೆರಳ ಬುಡದಲ್ಲಿ
ನಾಲ್ಕಾಣೆಯಗಲದ ಹುಣ್ಣು.
ಮಂಡಿಯೂರಿ ಪಟ್ಟಿ ಬಿಚ್ಚುತ್ತೇನೆ.
ಆತ ಕಿಟಕಿಯಾಚೆ ನೋಡುತ್ತಲೇ ಅನ್ನುತ್ತಾನೆ:
"ಹಾಗಲ್ಲ. ತೊಡೆಯ ನಡುವೆ ಸಿಕ್ಕಿಸಿಕೊ.
ಒದೆಯುವವರ ಕಾಲು ಹಾಗೇ ಹಿಡಿಯೋದು."

ಐವತ್ಮೂರು ವರ್ಷ ಲಾಳ ಹೊಡೆದ ಕೈ.
ಬೆನ್ನು ಇನ್ನೂ ಯಾವುದೋ ಕುದುರೆಯ ಹೊಟ್ಟೆಯಡಿ ಇದ್ದಂತೆ ಬಾಗಿದೆ.
ನೈಲಾನ್ ಎಳೆಯ ತುದಿಯಿಂದ ಅಂಗಾಲು ಮುಟ್ಟುತ್ತೇನೆ:
ಇಲ್ಲಿ? ಇಲ್ಲ. ಇಲ್ಲಿ? ಇಲ್ಲ.
ಇಲ್ಲಿ?
"ಶುರು ಮಾಡಿದೆಯಾ?"

ಕುದುರೆ ಕಂಡರೆ ಕಾಲುನೋವು ಅನ್ನುತ್ತಿದ್ದಳು ನನ್ನಜ್ಜಿ,
ನೆಪ ಹೂಡಿ ಕೂತವರಿಗೆ.
ಇಲ್ಲಿ ಎಲ್ಲ ತಿರುವುಮುರುವು:
ಹಗಲೆಲ್ಲ ಕುದುರೆಯನ್ನೇ ನೋಡುವ ಮನುಷ್ಯ,
ನೋವೇ ಇರದ ಕಾಲು.
ನೋವಿಲ್ಲದ್ದೇ ರೋಗ ಎಂದು ಹೇಗೆ ತಿಳಿಸಲಿ?
ತಿಳಿಸಬೇಕಾಗಲಿಲ್ಲ.
"ಗೊರಸಿನಂಚಿಗೂ ನೋವಿಲ್ಲ" ಎಂದ.
"ಅದಕ್ಕೇ ಮೊಳೆ ಹೊಡೆದೆವು."

ಕುದುರೆಯ ಹೆಸರು ಟ್ಯಾನ್ಸಿ. ಕಂದು ಮೈ, ಗೊರಸಿನ ಮೇಲೆ ಬಿಳಿ ಜೂಲು.
ಮುಂಗಾಲಿನ ಗೊರಸು ಹಳೇ ಬಿಸ್ಕತ್ತಿನಂತೆ ಉದುರುತ್ತಿತ್ತು,
ತೂತಿನ ಪಕ್ಕ ತೂತು, ಮುಂದಿನ ಮೊಳೆಗೆ ಜಾಗವಿಲ್ಲ.
ಮೊಮ್ಮಗಳು ಲೊವೆನಾ ಬೂಟಿನ ಮಾತೆತ್ತಿದಳು,
ರಬ್ಬರ್ ತಳ, ಕಟ್ಟಿ ಬಿಚ್ಚುವಂಥದ್ದು,
ಸವಾರಿ ಮುಗಿದರೆ ಹುಲ್ಲಿನಲ್ಲಿ ಬರಿಗಾಲು.
ಮೂರು ದಿನ ಆತ ಅವಳೊಡನೆ ಮಾತು ಬಿಟ್ಟನಂತೆ.
"ಕುದುರೆಗೆ ಬೂಟು! ನಾಳೆ ಕೊಡೆಯೂ ಹಿಡೀರಿ."

ಆ ಗುರುವಾರ ಆತನ ಪಾದವನ್ನು ಹಾಳೆಯ ಮೇಲಿಟ್ಟು
ಸುತ್ತ ಪೆನ್ಸಿಲ್ ಎಳೆದೆ.
ಟ್ರೂರೋ ಆಸ್ಪತ್ರೆಯಲ್ಲಿ ಮಾಡಿಕೊಡುತ್ತಾರೆ:
ಅಗಲ ಮೂತಿ, ಮೆತ್ತನೆ ತಳ, ಅಂಟಿಸುವ ಪಟ್ಟಿ.
ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದ.
ಆಮೇಲೆ ಲೊವೆನಾ ಗೋಡೆಗಂಟಿಸಿದ್ದ ಕುದುರೆಬೂಟಿನ ಚಿತ್ರ ನೋಡಿದ.
ಅಕ್ಕತಂಗಿಯರಂತಿದ್ದವು.
ಏನೂ ಅನ್ನದೆ ಊರುಗೋಲಿಗೆ ಕೈ ಚಾಚಿದ.

ಅಂಗಳದಲ್ಲಿ ಆತ ಹೇಳಿದಂತೆ ಮಾಡಿದೆ:
ಹೆಗಲಿಗೆ ಹೆಗಲು ಕೊಟ್ಟು, ಕೈ ಕೆಳಕ್ಕೆ ಜಾರಿಸಿ,
ಮೀನಖಂಡದಡಿ ಚೂರು ಹಿಂಡಿ, ಕೊಡು ಎಂದರೆ
ಕೊಟ್ಟಳು.
ಎಷ್ಟು ಭಾರ! ನನ್ನ ಬೆನ್ನ ಮೇಲೆ ಅವಳ ಬಿಸಿಯುಸಿರು.
"ಸವರಿದ ಮೇಲೇ ಅಳೆಯಬೇಕು. ಮೊದಲು ಅಗಲ."
ಅಗಲ ನೂರಹದಿನೆಂಟು ಮಿಲಿಮೀಟರ್, ಉದ್ದ ನೂರಿಪ್ಪತ್ತೊಂದು,
ಹಿಂಗಾಲು ಕೊಂಚ ಸಪೂರ.
ಬೇರೆ ಕಾಗದವಿರಲಿಲ್ಲ, ಆತನ ಪಾದದ ಬೆನ್ನಿಗೇ ಬರೆದೆ.
ಒಂದು ಹಾಳೆ, ಮೂರು ಜೋಡು.
ಆಸ್ಪತ್ರೆಯವರು ಫೋನು ಮಾಡಿ ಕೇಳಿದರು:
ಈ ಇನ್ನೊಬ್ಬ ರೋಗಿ ಯಾರು?

ಹೊಸದರಲ್ಲಿ ಬೂಟು ಅವಳ ಹಿಮ್ಮಡಿ ಕೆರೆಯಿತು.
ನಮ್ಮಲ್ಲಿ ಚಪ್ಪಲಿ ಕಚ್ಚುತ್ತದೆ ಅನ್ನುತ್ತೇವೆ ಎಂದೆ,
ನಗುತ್ತಾನೆ ಅಂದುಕೊಂಡು.
"ಹಲ್ಲೆಲ್ಲಿದೆ?" ಎಂದು ಒಳಗೆ ಬೆರಳಾಡಿಸಿ
ಅರ್ಧ ಇಂಚಿನ ಗಂಟೊಂದು ಹುಡುಕಿ,
ಹಳೇ ಅರ ತಂದು ಉಜ್ಜಿ ಉಜ್ಜಿ
ಹಲ್ಲು ಕಿತ್ತ.
ಇನ್ನೊಂದು ಬೂಟನ್ನು ಜೌಗು ನುಂಗಿತು.
ಲೊವೆನಾ ಮೊಣಕೈವರೆಗೆ ಕೈಯಿಳಿಸಿ ತಡಕಿದಳು, ಎರಡು ಗಂಟೆ.
ಮರುದಿನ ಸಿಕ್ಕಿತು, ಒಳಗೊಂದು ಕಪ್ಪೆಯ ಸಮೇತ.

ಈಗ ಅವಳು ಬರುವುದು ಬೀದಿಗೆ ಗೊತ್ತಾಗುವುದಿಲ್ಲ.
ಮೊದಲು ಕಲ್ಲುಸೇತುವೆಯ ಮೇಲೆ ಖಣ್ ಖಣ್ ಎಂದರೆ
ಅಂಚೆಯವಳು ವ್ಯಾನು ಬದಿಗೆ ತೆಗೆಯುತ್ತಿದ್ದಳು,
ಆತ ಚಹಾಕ್ಕೆ ನೀರಿಡುತ್ತಿದ್ದ.
ಈಗ ಥಪ್ ಥಪ್, ಒದ್ದೆ ಬಟ್ಟೆ ಒಗೆದ ಹಾಗೆ.
ನೀರಿಡುವುದು ತಡವಾಗುತ್ತದೆ. ಅದೊಂದು ಕೊರಗು ಉಳಿದಿದೆ,
ಬಾಯಿಬಿಟ್ಟು ಹೇಳುವುದಿಲ್ಲ.

ಹೋದ ಗುರುವಾರ ತನ್ನ ಜೋಡು ಮೆಟ್ಟಿಕೊಂಡು
ಕೋಲಿಲ್ಲದೆ ಅಂಗಳಕ್ಕಿಳಿದ.
ಥಪ್. ಥಪ್.
ಲಾಯದೊಳಗೆ ಟ್ಯಾನ್ಸಿ ಮೇವು ಬಿಟ್ಟು ತಲೆಯೆತ್ತಿ
ಕಿವಿ ನಿಮಿರಿಸಿ ನಿಂತಳು,
ಇದ್ಯಾವ ಕುದುರೆ ಬಂತು ಎಂದು.