ನಾಲ್ಕನೇ ಜ್ವರ

ಬೆಳಗಿನ ಐದಕ್ಕೇ ಸಭೆಯ ವಾಟ್ಸಾಪಿನಲ್ಲಿ
ನಲವತ್ತು ವಚನ, ಹೂವಿನ ಚಿತ್ರ ಸಮೇತ.
ಒಂದನ್ನೂ ಓದದೆ ಎಲ್ಲಕ್ಕೂ ಆಮೆನ್ ಒತ್ತಿದೆ.
ಆಮೇಲೆ ಶಿಡ್ಲಘಟ್ಟದ ಗೂಡಿನ ರೇಟು,
ಆಮೇಲೆ ಮತ್ತೆ ರೇಟು.

ಹುಳದ ಮನೆಯಲ್ಲಿ ಸದ್ದೇ ಇಲ್ಲ.
ನಿನ್ನೆವರೆಗೂ ತಗಡಿನ ಮೇಲೆ ಸೋನೆ ಹಿಡಿದ ಹಾಗೆ
ಸೊಪ್ಪು ಮೇಯುತ್ತಿದ್ದವು.
ಈಗ ನಾಲ್ಕನೇ ಜ್ವರ:
ತಟ್ಟೆ ತಟ್ಟೆಯಲ್ಲೂ ತಲೆ ಎತ್ತಿ ನಿಂತುಬಿಟ್ಟಿವೆ,
ಒಂದೂ ಅಲ್ಲಾಡದೆ.

"ಈಗ ಸೊಪ್ಪು ಹಾಕಬೇಡ, ಮುಟ್ಟಬೇಡ,
ಒಳಗೆ ಕೆಲಸ ನಡೀತಿದೆ"
ಅನ್ನುತ್ತಿದ್ದಳು ಅತ್ತೆ ದೆಬೋರಮ್ಮ.
ಹುಳದ ಮಾತೆಂದೇ ಹದಿನಾರು ವರ್ಷ ಅಂದುಕೊಂಡಿದ್ದೆ.

ಫೋನು ಆರಿಸಿ ರಾಗಿ ಡಬ್ಬದಲ್ಲಿ ಹೂತೆ.
ಸುಣ್ಣದ ಚೀಲದ ಮೇಲೆ ಕೂತೆ.
ಮೊದಲು ಬಂದದ್ದು ಪ್ರಾರ್ಥನೆಯಲ್ಲ, ತೂಕಡಿಕೆ.
ಆಮೇಲೆ, ಹೋದ ವರ್ಷ ಮಣ್ಣಿಗಿಟ್ಟ ಕೂಸಿನ ಹೆಸರು.
ಅದನ್ನು ಬಾಯಿಬಿಟ್ಟು ಹೇಳಿದೆ.
ಯೇಸಪ್ಪ, ಅಂದೆ.
ಮುಂದಕ್ಕೆ ಮಾತು ಬರಲಿಲ್ಲ; ಬೇಕೂ ಅನ್ನಿಸಲಿಲ್ಲ.

ಕಿಟಕಿಯ ಬಲೆಯ ಬಿಸಿಲು ನೆಲದಲ್ಲಿ ಒಂದು ಗೇಣು ಸರಿಯಿತು.
ಮೂಲೆಯ ತಟ್ಟೆಯಲ್ಲೊಂದು ಹುಳು
ಹಳೆಯ ಮೂತಿ ಕಳಚಿ ಪಕ್ಕಕ್ಕೆ ಬಿಟ್ಟು
ಸೊಪ್ಪಿಗಾಗಿ ಆಚೀಚೆ ನೋಡಿತು.

ತಡಿ ಮಗಾ, ಅಂದೆ.
ಮಿಕ್ಕವೂ ಏಳಲಿ ಎಂದು
ಕಾಯುತ್ತ ಕೂತೆ.